ಪಕ್ಕದ ಸಂಸ್ಥೆಯ ಲೆಕ್ಕ

ತುಮಕೂರಿನಲ್ಲಿ ಸಣ್ಣ ಸೇವಾಸಂಸ್ಥೆ ನಡೆಸುವವರು ದೇಣಿಗೆಗೆ ಹೋದಾಗ ಒಂದು ಮಾತು ಎದುರಾಗುವುದುಂಟು: "ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಉಂಡು ಓದ್ತಾರೆ. ನಿಮ್ಮಲ್ಲಿ ಎಷ್ಟು ಜನ ಇದ್ದಾರೆ?"

ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿ ಸನ್ಯಾಸ ಸ್ವೀಕರಿಸಿದ್ದು 1930ರಲ್ಲಿ, ಲಿಂಗೈಕ್ಯರಾದದ್ದು 2019ರ ಜನವರಿ 21ರಂದು. ಆ ದಾಸೋಹದ ಹಿಂದೆ ಅಷ್ಟು ದಶಕಗಳ ದುಡಿಮೆಯಿದೆ, ಊರೂರು ತಿರುಗಿ ಮಾಡಿದ ಭಿಕ್ಷೆಯಿದೆ, ಭಕ್ತರು ಹೊತ್ತು ತಂದ ರಾಗಿ, ತೆಂಗಿನಕಾಯಿ ಇವೆ. ನಿನ್ನೆ ಮೊನ್ನೆ ನೋಂದಣಿಯಾದ ಸಂಘ ಅದರ ಪಕ್ಕ ನಿಂತು ಕುಗ್ಗಬೇಕಾಗಿಲ್ಲ. ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿ ಗುಬ್ಬಿ ವೀರಣ್ಣನವರ ಕಾಲಕ್ಕೆ ರಂಗದ ಮೇಲೆ ಆನೆ, ಕುದುರೆಗಳನ್ನೇ ತಂದಿತು. ಹಾಗಂತ ಶಾಲೆಯಲ್ಲಿ ಮಕ್ಕಳ ನಾಟಕ ಆಡಿಸುವ ಮೇಷ್ಟ್ರನ್ನು ಆನೆ ಎಲ್ಲಿ ಅಂತ ಕೇಳ್ತೀವಾ?

ಕುಗ್ಗುವುದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇಕಡ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಆ ಹಣ ಕೇಳುವಾಗ ಫಲಾನುಭವಿಗಳು ಎಷ್ಟು, ತಲೆಗೆ ಖರ್ಚೆಷ್ಟು ಎಂಬ ಪ್ರಶ್ನೆಗಳು ಸಾಮಾನ್ಯ. ಕುಣಿಗಲ್ಲಿನಲ್ಲಿ ಎರಡು ಸಂಸ್ಥೆಗಳಿವೆ ಅಂದುಕೊಳ್ಳಿ. ಒಂದು, ಭಾನುವಾರ ಕಣ್ಣು ತಪಾಸಣೆ ಶಿಬಿರ ಮಾಡಿ ಮಧ್ಯಾಹ್ನದೊಳಗೆ ಇನ್ನೂರು ಹೆಸರು ಬರೆದುಕೊಳ್ಳುತ್ತದೆ. ಇನ್ನೊಂದು, ಹಾಸಿಗೆ ಹಿಡಿದ ಹದಿನೈದು ವೃದ್ಧರ ಮನೆಗೆ ವಾರವಾರ ಹೋಗಿ ಗಾಯ ತೊಳೆದು, ಔಷಧಿ ಕೊಟ್ಟು, ನೋಡಿಕೊಂಡು ಬಳಲಿದ ಸೊಸೆಯ ಜೊತೆ ಅರ್ಧ ಗಂಟೆ ಕೂತು ಬರುತ್ತದೆ. ಎರಡೂ ಬೇಕಾದ ಕೆಲಸವೇ. ಆದರೆ ಒಂದೇ ಕೋಷ್ಟಕದಲ್ಲಿ ಹಾಕಿದರೆ ಎರಡನೆಯದು ಸೋಲುತ್ತದೆ. ಎರಡು ವರ್ಷ ಹಾಗೆ ಸೋತ ಮೇಲೆ ಅವರೂ ಶಿಬಿರದ ಬ್ಯಾನರ್ ಬರೆಸುತ್ತಾರೆ. ಆ ಹದಿನೈದು ಮನೆಗಳಿಗೆ ಮತ್ತೆ ಯಾರೂ ಹೋಗುವುದಿಲ್ಲ.

ಬೇರೆಯವರಿಂದ ಕಲಿಯಲೇಬಾರದು ಅಂತಲ್ಲ. ರಸೀದಿ ಪುಸ್ತಕ ಹೇಗಿಡಬೇಕು, ಆಡಿಟ್ ಹೊತ್ತಿಗೆ ಸರಿಯಾಗಿ ಹೇಗೆ ಮುಗಿಸಬೇಕು ಎಂಬುದನ್ನು ಹೋಗಿ ಕೇಳಿ ಕಲಿಯಿರಿ. ಅಳೆಯುವ ಕೋಲು ಮಾತ್ರ ನಿಮ್ಮದೇ ಇರಲಿ. ಅದು ನಿಮ್ಮ ಕಪಾಟಿನಲ್ಲೇ ಇದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸುವಾಗ ಸಂಘದ ಉದ್ದೇಶಗಳನ್ನು ನೀವೇ ಬರೆದುಕೊಟ್ಟಿರುತ್ತೀರಿ. ಆ ಪುಟವನ್ನು ಆಮೇಲೆ ತೆಗೆದು ನೋಡುವವರು ಕಡಿಮೆ.

ಪದಾಧಿಕಾರಿಗಳಲ್ಲಿ ಒಂದು ವಿನಂತಿ. ಈ ಸಲದ ಮಹಾಸಭೆಯಲ್ಲಿ ಪಕ್ಕದ ಸಂಸ್ಥೆಯ ವರದಿ ಬದಿಗಿಡಿ. ಉದ್ದೇಶಗಳ ಪುಟವನ್ನು ಗಟ್ಟಿಯಾಗಿ ಓದಿಸಿ, ಹೋದ ವರ್ಷಕ್ಕಿಂತ ಯಾವುದು ಮುಂದೆ ಹೋಯಿತು, ಯಾವುದು ನಿಂತಿತು ಎಂದು ಸದಸ್ಯರನ್ನೇ ಕೇಳಿ.