ಲೇಹ್‌ಗೆ ಹೊರೆ ಹೊತ್ತು ನಡೆದವರು
(ನಮ್ಮ ಶಾಲೆಯ ಶತಮಾನೋತ್ಸವದ ಅಂಗವಾಗಿ ಜರಗಿದ ಯೋಧಸ್ಮರಣೆ ಸಭೆಯಲ್ಲಿ ಮಾಡಿದ ಭಾಷಣ)



ಗಡಿನಾಡಿನ ಈ ಕನ್ನಡ ಶಾಲೆಗೆ ನೂರು ವರ್ಷ ತುಂಬಿದ ಸಂದರ್ಭದಲ್ಲಿ ಯೋಧರನ್ನು ನೆನೆಯಲು ಒಂದು ದಿನವನ್ನು ಮೀಸಲಿಟ್ಟಿರುವುದು ಉಚಿತವಾಗಿದೆ. ಯೋಧನೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬಂದೂಕು ಹಿಡಿದು ಶತ್ರುವಿಗೆ ಎದುರಾಗಿ ನಿಂತವನ ಚಿತ್ರ. ಆ ಬಂದೂಕನ್ನೂ ಅದರ ಗುಂಡನ್ನೂ ಅವನ ರೊಟ್ಟಿಯ ಹಿಟ್ಟನ್ನೂ ಅಲ್ಲಿಯವರೆಗೆ ಒಯ್ದವರು ಯಾರೆಂದು ನಾವು ಕೇಳುವುದು ಅಪರೂಪ. ಅಂಥದೊಂದು ಪುಟ್ಟ ತಂಡದ ವೃತ್ತಾಂತವನ್ನು ಇಂದು ತಮ್ಮ ಮುಂದಿಡಲು ಬಯಸುತ್ತೇವೆ.

ಅದು 1948ರ ಚಳಿಗಾಲ. ಹಿಂದಿನ ವರ್ಷದ ಅಕ್ಟೋಬರಿನಲ್ಲಿ ಕಾಶ್ಮೀರದ ಮೇಲೆ ದಾಳಿಯಾಗಿತ್ತು. ನವೆಂಬರಿನಲ್ಲಿ ಗಿಲ್ಗಿಟ್ ಕೈತಪ್ಪಿತ್ತು. ಫೆಬ್ರವರಿ 11ರಂದು ಸಿಂಧೂ ನದಿಯ ದಡದ ಸ್ಕರ್ದು ಕೋಟೆಗೆ ಮುತ್ತಿಗೆ ಬಿದ್ದಿತು. ಅದರಾಚೆಗೆ ಲದಾಖಿನ ರಾಜಧಾನಿ ಲೇಹ್ ಇತ್ತು. ಅಲ್ಲಿದ್ದ ಕಾವಲು ಪಡೆ ಬಹಳ ಚಿಕ್ಕದು. ಊರಿನ ಯುವಕರಿಗೆ ಕೊಡಲು ಬಂದೂಕುಗಳಿರಲಿಲ್ಲ. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ಸುಮಾರು 11,500 ಅಡಿ ಎತ್ತರದ ಜೋಜಿಲಾ ಕಣಿವೆಮಾರ್ಗವಿದೆ. ಚಳಿಗಾಲದಲ್ಲಿ ಅದು ಹಿಮದಡಿಯಲ್ಲಿ ಹೂತುಹೋಗುತ್ತದೆ. ಬೇಸಗೆಯವರೆಗೆ ಕಾಯುವುದು ಆಗಿನ ವಾಡಿಕೆಯಾಗಿತ್ತು.

ಕಾಯಲು ಒಪ್ಪದವರು ಎರಡನೆಯ ಡೋಗ್ರಾ ಪಡೆಯ ಮೇಜರ್ ಪೃಥೀಚಂದ್. ಅವರು ಹಿಮಾಲಯದ ಲಾಹೂಲಿನವರು. ಹಿಮದ ಗುಣಸ್ವಭಾವ ಬಾಲ್ಯದಿಂದಲೇ ಬಲ್ಲವರು. ತಾವಾಗಿ ಮುಂದೆ ಬಂದ ಅವರೊಂದಿಗೆ ಅದೇ ನಾಡಿನ ಕ್ಯಾಪ್ಟನ್ ಖುಶಾಲಚಂದ್, ಭೀಮಚಂದ್ ಮೊದಲಾದ ಸುಮಾರು 40 ಮಂದಿ ಹೊರಟರು. ಲದಾಖಿನವರೇ ಆದ ಸೋನಂ ನೋರ್ಬು ಎಂಬ ಇಂಜಿನಿಯರೂ ಜೊತೆಗೂಡಿದರು. ಲೇಹ್‌ನ ಜನರಿಗೆ ಕೊಡಬೇಕಾದ ಬಂದೂಕು, ಮದ್ದುಗುಂಡುಗಳೇ ಅವರ ಮುಖ್ಯ ಹೊರೆ.

ಈ ಪ್ರಯಾಣವೆಂದರೆ ಏನೆಂಬುದನ್ನು ಕರಾವಳಿಯ ಸೆಕೆಯಲ್ಲಿ ಬೆಳೆದ ನಾವು ಕಲ್ಪಿಸಿಕೊಳ್ಳುವುದು ಸುಲಭವಲ್ಲ. ಬಿಸಿಲೇರಿದರೆ ಹಿಮ ಸಡಿಲಗೊಂಡು ಇಳಿಜಾರಿನಿಂದ ಕುಸಿದು ಬೀಳುತ್ತದೆ. ಆದ್ದರಿಂದ ಹಿಮ ಗಟ್ಟಿಯಾಗಿರುವ ಇರುಳಿನ, ನಸುಕಿನ ಹೊತ್ತೇ ನಡಿಗೆಗೆ ಕ್ಷೇಮ; ಚಳಿ ಅತ್ಯಂತ ಕ್ರೂರವಾಗಿರುವುದೂ ಅದೇ ಹೊತ್ತಿಗೆ. ಉಸಿರಿಗೆ ಗಾಳಿ ಸಾಲದ ಆ ಎತ್ತರದಲ್ಲಿ ಬರಿಗೈಯಲ್ಲಿ ನಡೆಯುವುದೇ ಕಷ್ಟ. ಅವರು ಹೊರೆಯೊಂದಿಗೆ ನಡೆದರು. ಫೆಬ್ರವರಿ ನಡುವಿನಲ್ಲಿ ಶ್ರೀನಗರ ಬಿಟ್ಟವರು ಮಾರ್ಚ್ 8ರಂದು ಲೇಹ್ ತಲುಪಿದರು.

ತಲುಪಿದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಊರಿನ ಯುವಕರಿಗೆ ಬಂದೂಕು ಕೊಟ್ಟು ಕಲಿಸಿದರು. ಸೋನಂ ನೋರ್ಬು ಅವರು ಸ್ಥಳೀಯರನ್ನು ಕೂಡಿಸಿಕೊಂಡು ಸಿಂಧೂ ಕಣಿವೆಯ ಮರಳು ನೆಲದಲ್ಲಿ ವಿಮಾನವಿಳಿಯುವ ಪಟ್ಟಿಯೊಂದನ್ನು ಸಜ್ಜುಗೊಳಿಸಿದರು.

ಮೇ ತಿಂಗಳಲ್ಲಿ ಶತ್ರುಗಳು ಕಾರ್ಗಿಲನ್ನು ಹಿಡಿದರು. ಬಳಿಕ ದ್ರಾಸ್, ಜೋಜಿಲಾಗಳೂ ಅವರ ಕೈಸೇರಿದವು. ಶ್ರೀನಗರದಿಂದ ಲೇಹ್‌ಗೆ ನೆಲದ ದಾರಿ ಮುಚ್ಚಿಹೋಯಿತು. ಆದರೆ ಮೇ 24ರಂದು ಏರ್ ಕಮಡೋರ್ ಮೆಹರ್ ಸಿಂಗ್ ಅವರು ಆ ಮರಳ ಪಟ್ಟಿಯ ಮೇಲೆ ಡಕೋಟಾ ವಿಮಾನವನ್ನು ಇಳಿಸಿದರು. ಅದರಲ್ಲಿ ಅವರ ಜೊತೆ ಕುಳಿತಿದ್ದವರು ಆ ರಣರಂಗದ ಸೇನಾಧಿಪತಿ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯನವರು. ನಮ್ಮ ಪಯಸ್ವಿನಿ ಹುಟ್ಟುವ ಕೊಡಗಿನ ಬೆಟ್ಟಗಳ ಮಗ ಅವರು. ಅನಂತರ ವಿಮಾನಗಳಲ್ಲಿ ಗೂರ್ಖಾ ಸೈನಿಕರು ಬಂದಿಳಿದರು. ಬೇಸಗೆಯಲ್ಲಿ ಮನಾಲಿಯಿಂದ ಎತ್ತರದ ಕಣಿವೆಮಾರ್ಗಗಳನ್ನು ದಾಟಿ ಹೇಸರಗತ್ತೆಗಳ ಮೇಲೆ ಸರಕು ಹೇರಿಕೊಂಡು ಮತ್ತೊಂದು ತಂಡ ಬಂದಿತು. ನವೆಂಬರ್ 1ರಂದು ತಿಮ್ಮಯ್ಯನವರು ಜೋಜಿಲಾಕ್ಕೆ ಟ್ಯಾಂಕುಗಳನ್ನೇ ಏರಿಸಿ ಆ ದಾರಿಯನ್ನು ಮರಳಿ ತೆರೆದರು. ಲೇಹ್ ಉಳಿಯಿತು.

ಸ್ಕರ್ದುವಿನ ಗತಿ ಬೇರೆಯಾಯಿತು. ಅಲ್ಲಿ ಲೆಫ್ಟಿನೆಂಟ್ ಕರ್ನಲ್ ಶೇರ್ ಜಂಗ್ ಥಾಪಾ ಅವರು ಆರು ತಿಂಗಳು ಕೋಟೆಯನ್ನು ಕಾಯ್ದರು. ನೆರವಿಗೆ ಹೊರಟ ತುಕಡಿಗಳು ಕೋಟೆಯನ್ನು ಮುಟ್ಟಲಾರದೆ ಹೋದವು. ವಿಮಾನದಿಂದ ಉದುರಿಸಿದ ಸಾಮಗ್ರಿ ಸಾಲಲಿಲ್ಲ. ಅನ್ನವೂ ಗುಂಡೂ ಬರಿದಾದ ಮೇಲೆ, ಆಗಸ್ಟ್ 14ರಂದು ಅವರು ಶರಣಾಗಬೇಕಾಯಿತು. ಥಾಪಾ ಅವರ ಪಡೆಯ ಧೈರ್ಯ ಯಾರಿಗೂ ಕಡಿಮೆಯಿರಲಿಲ್ಲ. ಲೇಹ್‌ಗೆ ಹೊರೆ ತಲುಪಿತ್ತು, ಸ್ಕರ್ದುವಿಗೆ ತಲುಪಲಿಲ್ಲ. ಪೃಥೀಚಂದರು ಹಿಮ ಕರಗಲೆಂದು ಕಾದಿದ್ದರೆ ಅವರು ಹೊರಡುವ ಹೊತ್ತಿಗೆ ದಾರಿ ಶತ್ರುವಿನದಾಗಿರುತ್ತಿತ್ತು. ಆಪತ್ತು ಬಾಗಿಲಿಗೆ ಬರುವ ಮೊದಲೇ ಹೊರಟದ್ದು ಅವರ ಸೇವೆಯ ಹಿರಿಮೆಯೆಂದು ನಾವು ಭಾವಿಸುತ್ತೇವೆ.

ಪೃಥೀಚಂದ್ ಮತ್ತು ಖುಶಾಲಚಂದ್ ಅವರಿಗೆ ಮಹಾವೀರ ಚಕ್ರ, ಭೀಮಚಂದ್ ಅವರಿಗೆ ವೀರಚಕ್ರ ಸಂದಿತು. ಉಳಿದವರು ನಾವು ಓದುವ ಪುಸ್ತಕಗಳಲ್ಲಿ 'ಸುಮಾರು 40 ಮಂದಿ' ಎಂಬ ಒಂದು ಎಣಿಕೆಯಾಗಿ ಮಾತ್ರ ಉಳಿದಿದ್ದಾರೆ. ವಿಮಾನಪಟ್ಟಿಗೆ ಕಲ್ಲು ಆಯ್ದವರಿಗೆ ಆ ಎಣಿಕೆಯೂ ದಕ್ಕಿಲ್ಲ. ತಿಮ್ಮಯ್ಯನವರ ಹೆಸರನ್ನು ನಾವು ಅಭಿಮಾನದಿಂದ ಹೇಳುತ್ತೇವೆ, ಹೇಳಲೇಬೇಕು. ಅವರ ವಿಮಾನ ಇಳಿದ ನೆಲವನ್ನು ಹಸನುಮಾಡಿದವರನ್ನೂ ಅದೇ ಉಸಿರಿನಲ್ಲಿ ನೆನೆಯುವುದು ನ್ಯಾಯ.

ಆದ್ದರಿಂದ ಹೆತ್ತವರಲ್ಲಿಯೂ ಹಳೆ ವಿದ್ಯಾರ್ಥಿಗಳಲ್ಲಿಯೂ ಒಂದು ವಿನಂತಿ. ಈ ಶಾಲೆಯಲ್ಲಿ ಅಕ್ಷರ ಕಲಿತು ಸೇನೆಗೆ ಸೇರಿದವರ ಪಟ್ಟಿಯನ್ನು ನಾವು ಸಿದ್ಧಪಡಿಸುತ್ತಿದ್ದೇವೆ. "ನಮ್ಮ ಅಜ್ಜ ಯುದ್ಧ ಮಾಡಿದವರಲ್ಲ, ಲಾರಿ ಓಡಿಸುತ್ತಿದ್ದರು, ಅಡುಗೆ ಮಾಡುತ್ತಿದ್ದರು, ಉಗ್ರಾಣ ನೋಡಿಕೊಳ್ಳುತ್ತಿದ್ದರು" ಎಂದು ಸಂಕೋಚಪಟ್ಟು ಯಾರೂ ಹೆಸರನ್ನು ಮುಚ್ಚಿಡಬಾರದು. ಅವರ ಹೆಸರು, ಊರು, ಸೇವೆಗೈದ ವರ್ಷಗಳನ್ನು ಬರೆದು ಕೊಡಿ. ಮನೆಯಲ್ಲಿ ಹಳೆಯ ಕಾಗದವೋ ಭಾವಚಿತ್ರವೋ ಇದ್ದರೆ ಪ್ರತಿ ತೆಗೆದುಕೊಂಡು ಹಿಂದಿರುಗಿಸುತ್ತೇವೆ. ನೆನಪಿರುವ ಹಿರಿಯರು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.

ಶಾಲೆಗೂ ಈ ಮಾತು ಸಲ್ಲುತ್ತದೆ. ರಾಜ್ಯದ ಗೆರೆ ಎಲ್ಲಿ ಹಾದುಹೋದರೂ ಇಲ್ಲಿ ಕನ್ನಡ ತರಗತಿ ನಿಲ್ಲಬಾರದೆಂದು ಪುಸ್ತಕದ ಕಟ್ಟು ಹೊತ್ತು ತಂದವರು, ಮಾಡಿಗೆ ಹುಲ್ಲು ಹೊದೆಸಿದವರು, ಮಕ್ಕಳನ್ನು ಹೊಳೆ ದಾಟಿಸಿದವರು ಇದ್ದುದರಿಂದಲೇ ನಾವು ಇಂದು ಇಲ್ಲಿ ಸೇರಿದ್ದೇವೆ. ಅವರ ಹೆಸರುಗಳೂ ಈ ಸಂಪುಟದಲ್ಲಿ ಬರಲಿ.