ಸಿಂಹದ ಪಾಠ, ನಮ್ಮ ಹೊಲದ ಕೃಷ್ಣಮೃಗ



ಇಂದಿನ ನನ್ನ ವಿಷಯ ಆಫ್ರಿಕದ ಸಿಂಹ. ಬೀದರಿನವರಿಗೆ ಅದರಿಂದೇನು ಎಂದು ನೀವು ಕೇಳಬಹುದು. ನಮ್ಮ ಕೋಟೆಯ ಶರ್ಜಾ ದರ್ವಾಜಾದ ಮೇಲೆ ಎರಡು ಕ್ರೂರಮೃಗಗಳನ್ನು ಕೆತ್ತಿದ್ದಾರೆ. ಬಹಮನಿ ದರ್ಬಾರಿನಲ್ಲಿ ಸೇವೆ ಸಲ್ಲಿಸಿದ ಆಫ್ರಿಕ ಮೂಲದ ಸರದಾರರ ಗೋರಿಗಳು ಹಬ್ಶಿ ಕೋಟ್‌ನಲ್ಲಿವೆ. 'ಸಫಾರಿ' ಸ್ವಾಹಿಲಿ ಭಾಷೆಯ ಶಬ್ದವಾದರೂ ಅದರ ಬೇರು ಅರಬ್ಬಿಯ 'ಸಫರ್'. ನಾವು ಮನೆಯಲ್ಲಿ ಪ್ರಯಾಣಕ್ಕೆ ಹೇಳುವ ಮಾತೂ ಅದೇ.

ಮೊದಲು ಸಫಾರಿ ಎಂದರೆ ಬೇಟೆ. ಕೀನ್ಯಾ ದೇಶ 1977ರಲ್ಲಿ ಬೇಟೆಯನ್ನು ನಿಷೇಧಿಸಿತು. ಕೋವಿಯ ಜಾಗಕ್ಕೆ ಕ್ಯಾಮೆರಾ ಬಂತು. ಆದರೂ ಇಡೀ ಆಫ್ರಿಕದಲ್ಲಿ ಇಂದು ಉಳಿದಿರುವ ಸಿಂಹಗಳು ಸುಮಾರು 20ರಿಂದ 25 ಸಾವಿರ ಎಂದು ಅಂದಾಜು. ಹುಲ್ಲುಗಾವಲು ಹೊಲವಾಯಿತು, ಸಿಂಹ ತಿನ್ನುವ ಪ್ರಾಣಿಗಳು ಕಡಿಮೆಯಾದವು. ಹಸಿದ ಸಿಂಹ ದನಕ್ಕೆ ಬಾಯಿ ಹಾಕಿದಾಗ ದನಗಾಹಿಗಳು ವಿಷವಿಟ್ಟರು.

ಇದಕ್ಕೆ ಅಲ್ಲಿ ಕಂಡುಕೊಂಡ ದಾರಿ ಗಮನಿಸಿ. ಮಸಾಯಿ ಮಾರಾದ ಸುತ್ತಲಿನ ಮಸಾಯಿ ಕುಟುಂಬಗಳು ತಮ್ಮ ಜಮೀನನ್ನು ವನ್ಯಜೀವಿಗಳಿಗಾಗಿ ಗುತ್ತಿಗೆಗೆ ಕೊಟ್ಟು, ಸಫಾರಿ ಆದಾಯದಿಂದ ಬಾಡಿಗೆ ಪಡೆಯುತ್ತವೆ. ಅಂಬೊಸೆಲಿ ಪ್ರದೇಶದಲ್ಲಿ 'ಲಯನ್ ಗಾರ್ಡಿಯನ್ಸ್' ಎಂಬ ಸಂಸ್ಥೆ ಮಸಾಯಿ ಯುವಕರನ್ನೇ ನೇಮಿಸಿಕೊಂಡಿದೆ. ಅವರು ಸಿಂಹದ ಜಾಡು ಹಿಡಿದು ದನಗಾಹಿಗಳನ್ನು ಮುಂಚಿತವಾಗಿ ಎಚ್ಚರಿಸುತ್ತಾರೆ. ಸಿಂಹ ಉಳಿದರೆ ತಮ್ಮ ಮನೆಯೂ ನಡೆಯುತ್ತದೆ ಎಂದಾಗ ಕಾಯುವ ಮನಸ್ಸು ತಾನಾಗಿ ಬರುತ್ತದೆ.

ನಮ್ಮ ದೇಶದ ಸಿಂಹದ ಕಥೆಯನ್ನೂ ಕೇಳಿ. ಬೇಟೆಯಿಂದ ಅಳಿವಿನಂಚಿಗೆ ಬಂದಿದ್ದ ಗಿರ್ ಸಿಂಹಗಳಿಗೆ ಜುನಾಗಢದ ನವಾಬರು ರಕ್ಷಣೆ ಕೊಟ್ಟರು. 2015ರಲ್ಲಿ 523, 2020ರಲ್ಲಿ 674, 2025ರಲ್ಲಿ 891 ಸಿಂಹಗಳು ಲೆಕ್ಕಕ್ಕೆ ಸಿಕ್ಕವು. ಸಂತೋಷದ ಸಂಗತಿ. ಆದರೆ ಎಲ್ಲವೂ ಗುಜರಾತಿನ ಒಂದೇ ಭಾಗದಲ್ಲಿವೆ. 2018ರಲ್ಲಿ ಅಲ್ಲಿ ರೋಗ ಹರಡಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತವು. ಕೆಲವನ್ನು ಮಧ್ಯಪ್ರದೇಶದ ಕುನೋಗೆ ಸಾಗಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತ್ತು. ಸಿಂಹಗಳ ಬದಲು 2022ರಲ್ಲಿ ಅಲ್ಲಿಗೆ ಬಂದದ್ದು ಆಫ್ರಿಕದ ಚೀತಾ.

ಈಗ ನಮ್ಮ ಜಿಲ್ಲೆಗೆ ಬರೋಣ. ಬೀದರಿನಲ್ಲಿ ಸಿಂಹವಿಲ್ಲ, ಆದರೆ ಕೃಷ್ಣಮೃಗವಿದೆ. ಗಂಡಿಗೆ ಕಪ್ಪು ಮೈ, ತಿರುಚಿದ ಕೊಂಬು. ಹೆಣ್ಣಿಗೆ ಕಂದು ಬಣ್ಣ. ಒಂದು ಕಾಲದಲ್ಲಿ ನಮ್ಮ ದೇಶದ ಚೀತಾಗಳ ಆಹಾರ ಇದೇ ಆಗಿತ್ತು. ಚೀತಾ ಹೋಯಿತು, ಮೃಗ ಉಳಿಯಿತು. ಅದಕ್ಕೆ ಬೇಕಾದದ್ದು ದಟ್ಟ ಕಾಡಲ್ಲ, ಬಯಲು. ನಾವು ಆ ಬಯಲನ್ನು 'ಬಂಜರು' ಎಂದು ಕರೆದು, ಉತ್ತು, ಮಣ್ಣು ತೆಗೆದು, ಕಸ ಸುರಿದು ಮುಗಿಸುತ್ತಿದ್ದೇವೆ. ಹುಲ್ಲು ಸಿಗದ ಮೃಗ ಭಾಲ್ಕಿ, ಔರಾದ್ ಕಡೆಯ ತೊಗರಿ, ಸೋಯಾ, ಹೆಸರಿನ ಮೊಳಕೆಗೆ ಬರುತ್ತದೆ. ಸಾಲ ಮಾಡಿ ಬಿತ್ತಿದ ರೈತನಿಗೆ ಆಗ ಅದರ ಚೆಲುವು ಕಾಣುವುದಿಲ್ಲ. ಅವನ ಸಿಟ್ಟನ್ನು ತಪ್ಪೆನ್ನಲು ಪಟ್ಟಣದಲ್ಲಿ ಕುಳಿತ ನಮಗೆ ಹಕ್ಕಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಕೃಷ್ಣಮೃಗವಿದೆ. ಕೊಂದವರಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಆದರೆ ಕಾಯ್ದೆ ಹೆದರಿಸಬಲ್ಲದು, ರೈತನ ನಷ್ಟ ತುಂಬಲಾರದು. ಮಸಾಯಿಗಳ ಪಾಠ ನಮಗೆ ಬೇಕಾಗಿರುವುದು ಇಲ್ಲಿಯೇ.

ವಿದ್ಯಾರ್ಥಿಗಳೆ, ನಿಮ್ಮಿಂದ ಆಗುವ ಮೂರು ಕೆಲಸ ಹೇಳುತ್ತೇನೆ. ಒಂದು, ವನ್ಯಪ್ರಾಣಿಗಳಿಂದ ಬೆಳೆ ಹಾಳಾದರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಬಹುದು. ಓದು ಬಾರದ ಹಿರಿಯರಿಗೆ ನೀವೇ ಫೋಟೋ ತೆಗೆದು, ಪಹಣಿ ಜೋಡಿಸಿ, ಅರ್ಜಿ ಬರೆದುಕೊಡಿ. ಎರಡು, ನಿಮ್ಮ ಊರಿನ ಗಾಯರಾಣ ಎಷ್ಟು ಎಕರೆ ಇತ್ತು, ಎಷ್ಟು ಉಳಿದಿದೆ ಎಂದು ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಮೂರು, ಊರ ಹೊರಗೆ ಮಾಂಸದ ತ್ಯಾಜ್ಯ ಎಸೆಯಬೇಡಿ. ಅದನ್ನು ತಿಂದು ಹೆಚ್ಚಿದ ಬೀದಿನಾಯಿಗಳು ಜಿಂಕೆ ಮರಿಗಳನ್ನು ಹಿಡಿಯುತ್ತವೆ.

ಸಿಂಹ ನೋಡಲು ಕೀನ್ಯಾಕ್ಕೆ ಹೋಗುವ ಶಕ್ತಿ ನಮ್ಮಲ್ಲಿ ಕೆಲವರಿಗಷ್ಟೇ ಇದೆ. ಕೃಷ್ಣಮೃಗ ನೋಡಲು ಬೈಸಿಕಲ್ಲು ಸಾಕು. ಅದು ಮತ್ತು ಅದರ ಪಕ್ಕದ ರೈತ, ಇಬ್ಬರೂ ಉಳಿಯುವಂತೆ ನೋಡಿಕೊಳ್ಳುವುದು ಓದು ಬಲ್ಲ ನಮ್ಮ ಹೊಣೆ.