ಟೂವಿಕ್ಸನ ಮೊಕದ್ದಮೆ

ಕೊಲೆಯಾದವನು ಎಂದೂ ಹುಟ್ಟಿದವನಲ್ಲ. ಕೊಂದಳೆಂಬ ಆಪಾದನೆ ಹೊತ್ತವಳೂ ಕಲ್ಪನೆಯ ವ್ಯಕ್ತಿಯೇ. ಆದರೂ ಅಮೆರಿಕದಲ್ಲಿ ೧೯೯೬ರ ಮೇ ತಿಂಗಳಲ್ಲಿ ಮೊದಲಾದ ಈ ಮೊಕದ್ದಮೆಯ ವಾದ ಇಂದಿಗೂ ಮುಗಿದಿಲ್ಲ. ವಾದಿಸುತ್ತಿರುವವರು ವಕೀಲರಲ್ಲ, ಒಂದು ಟೆಲಿವಿಷನ್ ಧಾರಾವಾಹಿಯ ಅಭಿಮಾನಿಗಳು.

'ಸ್ಟಾರ್ ಟ್ರೆಕ್' ಎಂಬ ವಿಜ್ಞಾನಕಥೆಯ ಧಾರಾವಾಹಿ ಆರಂಭವಾದದ್ದು ೧೯೬೬ರಲ್ಲಿ. ಅದನ್ನು ನಿಲ್ಲಿಸುತ್ತಾರಂತೆ ಎಂಬ ಸುದ್ದಿ ಹಬ್ಬಿದಾಗ ಅಭಿಮಾನಿಗಳು ಕಾಗದಗಳ ಮಳೆಯನ್ನೇ ಸುರಿಸಿದರು. ಕೊನೆಗೆ ೧೯೬೮ರಲ್ಲಿ ಎನ್‌ಬಿಸಿ ಸಂಸ್ಥೆ, ಧಾರಾವಾಹಿ ಮುಂದುವರಿಯುವುದೆಂದು ಬಹಿರಂಗವಾಗಿ ಸಾರಬೇಕಾಯಿತು. ಅದೇ ವಂಶದ ಕುಡಿ, ೧೯೯೫ರಲ್ಲಿ ತೆರೆಗೆ ಬಂದ 'ವಾಯೇಜರ್'. ಅದರಲ್ಲಿ ವ್ಯೋಮನೌಕೆಯೊಂದು ಮನೆಯಿಂದ ೭೦,೦೦೦ ಜ್ಯೋತಿರ್ವರ್ಷಗಳಾಚೆಗೆ ಎಸೆಯಲ್ಪಟ್ಟಿದೆ. ಹಿಂದಿರುಗಲು ಸುಮಾರು ೭೫ ವರ್ಷ ಬೇಕು. ಮೇಲಧಿಕಾರಿಗಳ ಮಾತು ಅಲ್ಲಿಗೆ ಮುಟ್ಟದು. ಕ್ಯಾಪ್ಟನ್ ಜೇನ್‌ವೇ ಎಂಬ ಹೆಣ್ಣುಮಗಳು ಕೊಟ್ಟ ತೀರ್ಪಿಗೆ ಮೇಲ್ಮನವಿಯಿಲ್ಲ. ಕೇಳುಗರು ಇದನ್ನು ನೆನಪಿನಲ್ಲಿಡಬೇಕು.

ಈ ಕಥೆಗಳಲ್ಲಿ ಮನುಷ್ಯರನ್ನು ಕಣಕಣವಾಗಿ ಬಿಡಿಸಿ ಬೇರೊಂದೆಡೆ ಮತ್ತೆ ಜೋಡಿಸುವ ಸಾಗಣೆಯ ಯಂತ್ರವೊಂದು ಉಂಟು. ವಾರವಾರವೂ ನೌಕೆಯನ್ನು ನೆಲಕ್ಕಿಳಿಸುವ ದೃಶ್ಯ ತೆಗೆಯಲು ಹಣ ಸಾಲದೆ ಹೂಡಿದ ಉಪಾಯ ಅದು! ಖರ್ಚು ಉಳಿಸಲು ಹೊರಟವರು ತಮಗರಿವಿಲ್ಲದೆಯೇ ತತ್ತ್ವಶಾಸ್ತ್ರದ ಬಾಗಿಲನ್ನು ತೆರೆದಿಟ್ಟರು.

ಟೂವಾಕ್ ನೌಕೆಯ ರಕ್ಷಣಾಧಿಕಾರಿ. ಭಾವನೆಗಳನ್ನು ಬಿಗಿಹಿಡಿದವನು, ತರ್ಕವೇ ಉಸಿರಾದವನು. ನೀಲಿಕ್ಸ್ ಅಡುಗೆಯವನು, ಮಾತಾಳಿ, ಎಲ್ಲರನ್ನೂ ನಗಿಸಲು ಹವಣಿಸುವವನು. ಇಬ್ಬರೂ ಒಂದು ಗ್ರಹದಲ್ಲಿಳಿದು, ನಮ್ಮ ಮಲೆನಾಡಿನ ಸೀತಾಳೆಯಂಥ ಹೂಗಿಡಗಳನ್ನು ಸಂಗ್ರಹಿಸಿ ಯಂತ್ರದ ಮೂಲಕ ಮರಳುತ್ತಾರೆ. ಮರಳುವವನು ಒಬ್ಬನೇ. ಆ ಗಿಡದ ಗುಣದಿಂದ ಇಬ್ಬರೂ ಬೆರೆತು ಮೂರನೆಯವನೊಬ್ಬ ಉಂಟಾಗಿದ್ದಾನೆ. ಇಬ್ಬರ ನೆನಪುಗಳೂ ಅವನಲ್ಲಿವೆ. ಆದರೆ ಅವನು ಅವರಿಬ್ಬರಲ್ಲಿ ಯಾರೂ ಅಲ್ಲ. ಇಬ್ಬರ ಹೆಸರನ್ನೂ ಕೂಡಿಸಿ ತನ್ನನ್ನು ಟೂವಿಕ್ಸ್ ಎಂದು ಕರೆದುಕೊಳ್ಳುತ್ತಾನೆ. ವಾರಗಳು ಕಳೆಯುತ್ತವೆ. ಕೆಲಸದಲ್ಲಿ ಚುರುಕು, ಅಡುಗೆಯಲ್ಲಿ ಒಳ್ಳೆಯ ಕೈ, ಎಲ್ಲರಿಗೂ ಬೇಕಾದವನಾಗುತ್ತಾನೆ. ಅಷ್ಟರಲ್ಲಿ ಅವನನ್ನು ಮತ್ತೆ ಇಬ್ಬರನ್ನಾಗಿ ಬೇರ್ಪಡಿಸುವ ಉಪಾಯ ವೈದ್ಯನಿಗೆ ಹೊಳೆಯುತ್ತದೆ.

ಆಗ ಟೂವಿಕ್ಸ್ ಹೇಳುತ್ತಾನೆ: ನಾನು ಬದುಕಬೇಕು.

ಕಂತಿನ ಹಿರಿಮೆ ಇಲ್ಲಿದೆ ಎಂದು ನನ್ನ ಎಣಿಕೆ. ಮುಂದಿನ ವಾರಕ್ಕೆ ಆ ಇಬ್ಬರು ನಟರೂ ಬೇಕು. ಆದ್ದರಿಂದ ಟೂವಿಕ್ಸ್ ಹೋಗಲೇಬೇಕು. ಇದು ಧಾರಾವಾಹಿಯ ವ್ಯಾಪಾರ. ಅವನು ತಾನಾಗಿಯೇ ತ್ಯಾಗಕ್ಕೆ ಸಿದ್ಧನಾದನೆಂದು ಬರೆದಿದ್ದರೆ ಎಲ್ಲವೂ ಸಲೀಸಾಗುತ್ತಿತ್ತು. ನಾವು ಎರಡು ಹನಿ ಕಣ್ಣೀರು ಹಾಕಿ ಮರೆತುಬಿಡುತ್ತಿದ್ದೆವು. ಬರೆದವರು ಆ ಸುಲಭದ ದಾರಿಯನ್ನು ಹಿಡಿಯಲಿಲ್ಲ. ಟೂವಿಕ್ಸ್ ಸಹೋದ್ಯೋಗಿಗಳೆದುರು ಅಂಗಲಾಚುತ್ತಾನೆ. ಒಬ್ಬರೂ ಬಾಯಿ ತೆರೆಯುವುದಿಲ್ಲ. ಅವನು ಎಲ್ಲರನ್ನೂ ಕ್ಷಮಿಸಿ ನಡೆಯುತ್ತಾನೆ. ವೈದ್ಯ ಮಾತ್ರ, ಒಪ್ಪಿಗೆಯಿಲ್ಲದವನ ಜೀವವನ್ನು ನಾನು ತೆಗೆಯಲಾರೆ ಎಂದು ಹಿಂದೆ ಸರಿಯುತ್ತಾನೆ. ಆ ವೈದ್ಯ ಮನುಷ್ಯನಲ್ಲ. ಕಂಪ್ಯೂಟರು ಬೆಳಕಿನಿಂದ ನಿರ್ಮಿಸಿದ ಆಕೃತಿ! ರಕ್ತಮಾಂಸದವರು ಮೌನವಾಗಿದ್ದಾಗ ಧರ್ಮದ ಮಾತನ್ನಾಡಿದ್ದು ಅದೊಂದೇ. ಆಗ ಕ್ಯಾಪ್ಟನ್ ತನ್ನ ಕೈಯಿಂದಲೇ ಆ ಕೆಲಸವನ್ನು ಮುಗಿಸುತ್ತಾಳೆ.

ಅಭಿಮಾನಿಗಳಲ್ಲಿ ಒಂದು ಪಕ್ಷದವರು ಹೇಳುವುದು ಹೀಗೆ: ಅಳಿದದ್ದು ಒಂದು ಜೀವ, ಉಳಿದದ್ದು ಎರಡು. ಟೂವಾಕನಾಗಲಿ ನೀಲಿಕ್ಸನಾಗಲಿ ತಾನು ಇಲ್ಲವಾಗಲು ಒಪ್ಪಿಗೆ ಕೊಟ್ಟಿರಲಿಲ್ಲವಷ್ಟೆ. ಮಾತನಾಡಲಾರದ ಅವರ ಪರವಾಗಿ ಮಾತನಾಡುವುದು ಕ್ಯಾಪ್ಟನ್ನಳ ಕರ್ತವ್ಯ. ಇನ್ನೊಂದು ಪಕ್ಷ ಕೇಳುತ್ತದೆ: ಹಾಗಾದರೆ ಆಸ್ಪತ್ರೆಯಲ್ಲಿ ಇಬ್ಬರು ರೋಗಿಗಳನ್ನು ಉಳಿಸಲು ದಾರಿಯಲ್ಲಿ ಹೋಗುತ್ತಿದ್ದ ಆರೋಗ್ಯವಂತನೊಬ್ಬನನ್ನು ಹಿಡಿದು ಅವನ ಅಂಗಾಂಗಗಳನ್ನು ತೆಗೆಯಬಹುದೆ? ಮೊದಲನೆಯವರ ಮರುಮಾತು: ದಾರಿಹೋಕನ ದೇಹ ಅವನದೇ, ಟೂವಿಕ್ಸನದಾದರೋ ಕಡ ತಂದ ಒಡವೆ, ಒಡೆಯರಿಗೆ ಸಲ್ಲಬೇಕು. ಇಲ್ಲಿ ನಾನು ಬಾಯಿ ಹಾಕುತ್ತೇನೆ. ಹುಟ್ಟಿದ ಮಗುವಿನ ಮೈಯೂ ಇಬ್ಬರಿಂದ ಬಂದದ್ದೇ; ತಂದೆ ತಾಯಿ ಅದನ್ನು ಹಿಂದಕ್ಕೆ ಕೇಳುವುದುಂಟೆ? ಜೇನ್‌ವೇ ಮಾಡಿದ್ದು ತಪ್ಪೆಂದೇ ನನ್ನ ಮತ.

ಇಂಥ ಸಂದೇಹ ನಮಗೆ ಹೊಸದಲ್ಲ. ಕಥಾಸರಿತ್ಸಾಗರದ ಬೇತಾಳ, ತಲೆಗಳು ಅದಲುಬದಲಾದ ಇಬ್ಬರನ್ನು ಮುಂದೊಡ್ಡಿ ಹೆಣ್ಣಿಗೆ ಗಂಡನಾರೆಂದು ರಾಜನನ್ನು ಕೇಳುತ್ತದೆ. ತಲೆಯೇ ಪ್ರಧಾನ, ಗಂಡನ ತಲೆಯುಳ್ಳವನೇ ಗಂಡ ಎಂದು ರಾಜ ತೀರ್ಪು ಕೊಡುತ್ತಾನೆ. ಥಾಮಸ್ ಮಾನ್ ೧೯೪೦ರಲ್ಲಿ ಇದನ್ನೇ ಜರ್ಮನ್ ಕಥೆಯಾಗಿಸಿದ. ಗಿರೀಶ ಕಾರ್ನಾಡರ 'ಹಯವದನ' ಅಂಥ ತೀರ್ಪಿನ ಅನಂತರವೇ ನಿಜವಾದ ಸಂಕಟ ಮೊದಲಾಗುವುದನ್ನು ತೋರಿಸಿತು. ಆದರೆ ರಾಜನಿಗೆ ಬೊಟ್ಟುಮಾಡಿ ತೋರಿಸಲು ಒಂದು ತಲೆಯಾದರೂ ಇತ್ತು. ಟೂವಿಕ್ಸನಲ್ಲಿ ತಲೆ, ಒಡಲು, ಹೆಸರು ಎಲ್ಲವೂ ಬೆರೆತುಹೋಗಿವೆ. ಬೇತಾಳನಿಗೆ ಈ ಕಥೆ ತಿಳಿದಿದ್ದರೆ ರಾಜ ಮೌನವಾಗಿಯೇ ಸ್ಮಶಾನವನ್ನು ದಾಟುತ್ತಿದ್ದನೋ ಏನೋ.

ಇಪ್ಪತ್ತೇಳು ವರ್ಷಗಳ ಮೇಲೆ, ೨೦೨೩ರಲ್ಲಿ, ಅದೇ ವಂಶದ ಹಾಸ್ಯಪ್ರಧಾನ ಚಿತ್ರಮಾಲಿಕೆ 'ಲೋವರ್ ಡೆಕ್ಸ್' ಟೂವಿಕ್ಸನ ಪ್ರಸಂಗವನ್ನೆತ್ತಿಕೊಂಡು ಒಂದು ಇಡೀ ಕಂತನ್ನೇ ಹೆಣೆಯಿತು. ಹಳೆಯ ಜಗಳ ನೋಡುಗರ ನೆನಪಿನಲ್ಲಿದೆಯೆಂಬ ಭರವಸೆಯಿಲ್ಲದೆ ಯಾರೂ ಅದರ ಮೇಲೆ ನಗೆಯ ಮನೆ ಕಟ್ಟುವುದಿಲ್ಲ.

ನನ್ನ ಮತವನ್ನು ಹೇಳಿದೆನಷ್ಟೆ. ಕಂತನ್ನು ನೋಡಿದ ರಾತ್ರಿ ಊಟಕ್ಕೆ ಕುಳಿತಾಗ ಅದನ್ನು ಮನೆಯಲ್ಲಿಯೂ ಬಹಳ ಧೈರ್ಯದಿಂದ ಮಂಡಿಸಿದೆ. ನನ್ನ ಮಡದಿ ಸಾರು ಬಡಿಸುತ್ತ ಕೇಳಿದಳು: "ಆ ಟೂವಾಕನಿಗೆ ಊರಿನಲ್ಲಿ ಹೆಂಡತಿ, ಮಕ್ಕಳು ಇದ್ದಾರೆ ಅಂದಿರಲ್ಲ. ನೌಕೆ ಎಂದಾದರೂ ಮನೆ ಮುಟ್ಟಿದಾಗ ಅವಳೆದುರು ಹೋಗಿ ಇದನ್ನೆಲ್ಲ ನೀವೇ ಹೇಳುತ್ತೀರಾ?"

ನಾನು ಅನ್ನವನ್ನು ಕಲಸುತ್ತಲೇ ಇದ್ದೆ. ಕಂತಿನ ಕೊನೆಯಲ್ಲಿ ಜೇನ್‌ವೇ ಚಿಕಿತ್ಸೆಯ ಕೋಣೆಯಿಂದ ಹೊರಬಂದು ಒಬ್ಬಳೇ ಓಣಿಯಲ್ಲಿ ನಡೆದುಹೋಗುತ್ತಾಳೆ. ಕೇಟ್ ಮಲ್‌ಗ್ರೂ ಎಂಬ ನಟಿ ಅಲ್ಲಿ ಒಂದು ಮಾತನ್ನೂ ಆಡುವುದಿಲ್ಲ. ಆ ಮುಖವನ್ನು ಮರುದಿನ ಮತ್ತೊಮ್ಮೆ ಹಾಕಿಕೊಂಡು ನೋಡಿದೆ.